ಬಸ್ಸಿಳಿಯುವಾಗ ಮುಖವೆಲ್ಲ ತೇಪೆ ತೇಪೆ. ನಮ್ಮ ಸೆಖೆಗೆ ನಿಲ್ಲುವ ಮೇಕಪ್ ಹೇಗೆ?

ಪೆರ್ಲದ ಟೀಚರ್
ಎಲ್ಲರಿಗೂ ನಮಸ್ಕಾರ. ವಿಡಿಯೋ ನೋಡಿ ನೋಡಿ ಸಾಕಾಗಿ ಇಲ್ಲಿ ಕೇಳುತ್ತಿದ್ದೇನೆ. ವಿಡಿಯೋದವರೆಲ್ಲ ಎ.ಸಿ. ಕೋಣೆಯಲ್ಲಿ ಕೂತು ಹಚ್ಚಿಕೊಳ್ಳುತ್ತಾರೆ. ನಾನು ಬೆಳಿಗ್ಗೆ ಏಳೂವರೆಗೆ ಗುಡ್ಡ ಇಳಿದು ಪೆರ್ಲದಲ್ಲಿ ಬಸ್ಸು ಹಿಡಿದು ಕಾಸರಗೋಡಿಗೆ ಹೋಗಬೇಕು. ಬದಿಯಡ್ಕ ದಾಟುವಷ್ಟರಲ್ಲಿ ಮೂಗಿನ ಎರಡೂ ಬದಿ ಒದ್ದೆ. ಶಾಲೆಯ ಗೇಟಿನ ಹತ್ತಿರ ಕನ್ನಡಿ ನೋಡಿದರೆ ಪೌಡರ್ ತೇಪೆ ತೇಪೆಯಾಗಿ ನಿಂತಿರುತ್ತದೆ. ಕಣ್ಮಸಿ ಕೆಳಗಿಳಿದು, ಮೊದಲೇ ಕಪ್ಪಿರುವ ಜಾಗ ಇನ್ನೂ ಕಪ್ಪು.

ನನಗೆ 34 ವರ್ಷ. ಎರಡನೇ ಹೆರಿಗೆಯ ನಂತರ ಎರಡೂ ಕೆನ್ನೆಯಲ್ಲಿ ಬಂಗು, ಅಂದರೆ ಕಂದು ಕಲೆ, ಬಂದಿದೆ. ಬಣ್ಣ ಎಣ್ಣೆಗಪ್ಪು. ಆ ಬಣ್ಣದ ಬಗ್ಗೆ ನನಗೆ ಬೇಸರ ಇಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ತಮ್ಮನ ನಿಶ್ಚಿತಾರ್ಥದ ದಿನ ಒಂದು ಪಾರ್ಲರ್‌ಗೆ ಹೋಗಿದ್ದೆ. ಅವರು ಎರಡು ಶೇಡ್ ಬೆಳ್ಳಗಿನ ಫೌಂಡೇಶನ್ ಹಚ್ಚಿ ಕಳಿಸಿದರು. ಫೋಟೋದಲ್ಲಿ ಮುಖ ಬೂದಿ ಬಳಿದ ಹಾಗೆ, ಕುತ್ತಿಗೆ ನನ್ನದೇ ಬಣ್ಣ. ನನ್ನ ಮಗಳು ಆ ಫೋಟೋ ನೋಡಿ "ಅಮ್ಮ, ಇದು ಯಾರು?" ಅಂತ ಕೇಳಿದಳು. ಅವತ್ತು ರಾತ್ರಿ ನಾನು ಅತ್ತಿದ್ದೇನೆ.

ಮೇ ತಿಂಗಳಲ್ಲಿ ಮದುವೆ. ಈ ಸಲ ನಾನೇ ಹಚ್ಚಿಕೊಳ್ಳಬೇಕು ಅಂತಿದ್ದೇನೆ. ದಿನಾ ಶಾಲೆಗೆ ಹೋಗಲು ಹತ್ತು ನಿಮಿಷದಲ್ಲಿ ಮುಗಿಯುವ ಕ್ರಮವೂ ಬೇಕು. ಗೊತ್ತಿದ್ದವರು ಹೇಳಿ.

ಕುಂಬಳೆ ಮಲ್ಲಿಗೆ
ಟೀಚರೇ, ಫೌಂಡೇಶನ್ನಿನ ಅಡಿಗೆ ಪ್ರೈಮರ್ ಹಾಕಿ. ಎಲ್ಲ ನಿಲ್ಲುತ್ತದೆ.

ಮುಳ್ಳೇರಿಯ ಸುಮ
ಪ್ರೈಮರ್ ಹಾಕಿಯೂ ನಂದು ಕರಗುತ್ತದೆ. ಅದೊಂದರಿಂದ ಆಗುವುದಿಲ್ಲ.

ಉಪ್ಪಳ ಪಾರ್ಲರ್ ಅಕ್ಕ
ನಾನು ಹದಿನಾರು ವರ್ಷದಿಂದ ಸಣ್ಣ ಪಾರ್ಲರ್ ನಡೆಸುತ್ತಿದ್ದೇನೆ. ಟೀಚರೇ, ನಿಮ್ಮ ನಿಶ್ಚಿತಾರ್ಥದ ಕತೆ ಓದಿ ನಿಜಕ್ಕೂ ಬೇಸರ ಆಯಿತು. ಬೆಳ್ಳಗೆ ಮಾಡಿ ಕಳಿಸುವುದೇ ಕೆಲಸ ಅಂತ ನಮ್ಮಲ್ಲಿ ಕೆಲವರು ಇನ್ನೂ ತಿಳಿದಿದ್ದಾರೆ.

ತೇಪೆ ಯಾಕೆ ಬರುತ್ತದೆ ಅಂದರೆ, ಬೆವರಿನ ಮೇಲೆ ಪೌಡರ್ ಬೀಳುವುದರಿಂದ. ಒದ್ದೆ ಜಾಗದಲ್ಲಿ ಪೌಡರ್ ಹಿಟ್ಟಿನ ಹಾಗೆ ಮುದ್ದೆ ಕಟ್ಟುತ್ತದೆ. ಸ್ನಾನ ಮಾಡಿ ಬಂದ ಕೂಡಲೇ ಹಚ್ಚಬೇಡಿ. ಮೈ ಇನ್ನೂ ಬಿಸಿ ಇರುತ್ತದೆ, ಒಳಗಿಂದ ಬೆವರು ಬರುತ್ತಲೇ ಇರುತ್ತದೆ. ಮೊದಲು ಸೀರೆ ಉಟ್ಟು, ತಲೆ ಬಾಚಿ, ಬುತ್ತಿ ಕಟ್ಟಿ ಮುಗಿಸಿ. ಕೊನೆಗೆ ತಣ್ಣೀರಿನಲ್ಲಿ ಮುಖ ತೊಳೆದು, ಫ್ಯಾನಿನ ಕೆಳಗೆ ಐದು ನಿಮಿಷ ಕೂತು ಶುರು ಮಾಡಿ.

ಸನ್‌ಸ್ಕ್ರೀನ್ ಹಚ್ಚಿದ ಮೇಲೆ ಹತ್ತು ನಿಮಿಷ ಬಿಡಿ. ನಂತರ ಫೌಂಡೇಶನ್. ಮುಖ ತುಂಬ ಬೇಡ. ಮೂಗಿನ ಬದಿ, ಬಾಯಿಯ ಸುತ್ತ, ಬಂಗು ಇರುವ ಕೆನ್ನೆ, ಇಷ್ಟು ಕಡೆ ಸಾಕು. ಸ್ಪಂಜನ್ನು ನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿ. ಅದರಲ್ಲಿ ಒತ್ತಿ ಒತ್ತಿ ಹಚ್ಚಿ. ಎಳೆಯಬೇಡಿ, ಉಜ್ಜಬೇಡಿ. ಉಜ್ಜಿದರೆ ಕೆಳಗಿನ ಪದರ ಎದ್ದು ಬರುತ್ತದೆ.

ಪೌಡರನ್ನು ಹಣೆ, ಮೂಗು, ಗದ್ದಕ್ಕೆ ಮಾತ್ರ ಒತ್ತಿ. ಎಣ್ಣೆಗಪ್ಪು ಬಣ್ಣಕ್ಕೆ ಬಿಳಿ ಪೌಡರ್ ಬೇಡವೇ ಬೇಡ. ಬೂದಿ ಬಣ್ಣ ಬರುವುದು ಅದರಿಂದಲೇ. ನಿಮ್ಮ ಬಣ್ಣದ ಕಾಂಪ್ಯಾಕ್ಟ್ ಪೌಡರ್ ತೆಗೆದುಕೊಳ್ಳಿ. ಸಿಗದಿದ್ದರೆ ಸ್ವಲ್ಪ ಹಳದಿ ಛಾಯೆಯದ್ದು ನಡೆಯುತ್ತದೆ.

ಬಸ್ಸಿನಲ್ಲಿ ಬೆವರಿದರೆ ಟಿಶ್ಯೂ ಅಥವಾ ತೆಳು ಹತ್ತಿ ಬಟ್ಟೆ ಮಡಚಿ ಒತ್ತಿ ತೆಗೆಯಿರಿ. ಪೂರ್ತಿ ಒಣಗಿದ ಮೇಲೆ ಬೇಕಿದ್ದರೆ ಪೌಡರ್. ಒರಸುವುದು, ತಕ್ಷಣ ಪೌಡರ್ ಮೆತ್ತುವುದು, ಈ ಎರಡು ಬಿಟ್ಟರೆ ನಿಮ್ಮ ಅರ್ಧ ಸಮಸ್ಯೆ ಹೋಯಿತು.

ಪೆರ್ಲದ ಟೀಚರ್
ಅಯ್ಯೋ ಅಕ್ಕ, ನಾನು ದಿನಾ ಮಾಡುವುದು ಅದನ್ನೇ! ಕರ್ಚೀಫಿನಲ್ಲಿ ಒರಸಿ, ಮೇಲಿಂದ ಪೌಡರ್. ಹನ್ನೊಂದು ವರ್ಷದಿಂದ.

ಮಂಜೇಶ್ವರ ಟು ದುಬೈ
ಅಂಗಡಿಯಲ್ಲಿ ಶೇಡ್ ಆರಿಸುವುದು ಹೇಗೆ ಅಂತಲೂ ಹೇಳಿ ಅಕ್ಕ. ನನಗೆ ಯಾವಾಗಲೂ ಕೈಯ ಮೇಲೆ ಹಚ್ಚಿ ತೋರಿಸುತ್ತಾರೆ. ಮನೆಗೆ ಬಂದರೆ ಬೇರೆಯೇ ಬಣ್ಣ.

ಉಪ್ಪಳ ಪಾರ್ಲರ್ ಅಕ್ಕ
ಕೈಯ ಬಣ್ಣ ಬೇರೆ, ಮುಖದ ಬಣ್ಣ ಬೇರೆ. ದವಡೆಯ ಹತ್ತಿರ, ಮುಖವೂ ಕುತ್ತಿಗೆಯೂ ಸೇರುವಲ್ಲಿ ಮೂರು ಶೇಡ್ ಪಕ್ಕ ಪಕ್ಕ ಗೆರೆ ಎಳೆಯಿರಿ. ಅಂಗಡಿಯ ಟ್ಯೂಬ್‌ಲೈಟ್ ಬಿಟ್ಟು ಹೊರಗೆ ಬನ್ನಿ. ಹಗಲಿನ ಬೆಳಕಿನಲ್ಲಿ ಯಾವ ಗೆರೆ ಕಾಣುವುದಿಲ್ಲವೋ ಅದು ನಿಮ್ಮದು. ಒಂದು ಚಹಾ ಕುಡಿದು ಬಂದು ಮತ್ತೆ ನೋಡಿ. ಕೆಲವು ಫೌಂಡೇಶನ್ ಗಾಳಿ ತಾಗಿ, ಚರ್ಮದ ಎಣ್ಣೆ ಸೇರಿ ಹದಿನೈದು ನಿಮಿಷದಲ್ಲಿ ಕಪ್ಪಾಗುತ್ತವೆ, ಕೆಲವು ಕಿತ್ತಳೆಗೆ ತಿರುಗುತ್ತವೆ. ಆ ಚಹಾದ ಹೊತ್ತು ಕಾಯದೆ ದುಡ್ಡು ಕೊಡಬೇಡಿ.

ನೀರ್ಚಾಲಿನ ನಿವೃತ್ತ ಮಾಷ್ಟ್ರು
ಹಿರಿಯನಾಗಿ ಒಂದು ಮಾತು. ಪಾಠ ಮಾಡುವವರಿಗೆ ಇಷ್ಟೆಲ್ಲ ಯಾಕಮ್ಮ? ಮುಖ ತೊಳೆದು ಒಂದು ಬೊಟ್ಟು ಇಟ್ಟರೆ ಲಕ್ಷಣ. ನಮ್ಮ ಕಾಲದಲ್ಲಿ ಟೀಚರುಗಳು ಹಾಗೇ ಬರುತ್ತಿದ್ದರು. ಮಕ್ಕಳು ಗೌರವ ಕೊಡುತ್ತಿರಲಿಲ್ಲವೇ?

ಮುಳ್ಳೇರಿಯ ಸುಮ
ಮಾಷ್ಟ್ರೇ, ನೀವು ದಿನಾ ಗಡ್ಡ ತೆಗೆದು, ಇಸ್ತ್ರಿ ಹಾಕಿದ ಅಂಗಿ ತೊಟ್ಟು ಹೋಗುತ್ತಿರಲಿಲ್ಲವೇ? ಇದೂ ಅಷ್ಟೇ. ತನಗೆ ಒಪ್ಪ ಅನ್ನಿಸಬೇಕು ಅಂತ ಒಬ್ಬಳು ಕೇಳಿದರೆ ಯಾಕೆ ಅಂತ ಕೇಳುವುದು ಸರಿಯಲ್ಲ.

ಪೆರ್ಲದ ಟೀಚರ್
ಮಾಷ್ಟ್ರೇ, ನಿಮ್ಮ ಮಾತಿನ ಮೇಲೆ ಗೌರವ ಇದೆ. ಆದರೆ ಬಂಗು ಬಂದ ಮೇಲೆ ಸ್ಟಾಫ್ ರೂಮಿನಲ್ಲಿ ದಿನಕ್ಕೆ ಮೂರು ಮಂದಿ "ಮುಖಕ್ಕೆ ಏನಾಯಿತು, ಹುಷಾರಿಲ್ಲವಾ" ಅಂತ ಕೇಳುತ್ತಾರೆ. ಆ ಪ್ರಶ್ನೆ ಕೇಳಿ ಕೇಳಿ ನಾನು ಸೋತಿದ್ದೇನೆ. ನನಗೆ ಬೇಕಾದದ್ದು ಅದು ನಿಲ್ಲುವುದು, ಅಷ್ಟೇ.

ನೀರ್ಚಾಲಿನ ನಿವೃತ್ತ ಮಾಷ್ಟ್ರು
ಸರಿ ಮಗಳೇ. ಈ ವಿಷಯ ನನಗೆ ತಿಳಿದಿರಲಿಲ್ಲ. ಮುಂದುವರಿಸಿ.

ಚೌಕಿಯ ಹುಡುಗ
ಬೆವರಿನ ವಿಷಯ ಬಂತಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ನಾನು ಯಕ್ಷಗಾನದ ಹವ್ಯಾಸಿ ವೇಷಧಾರಿ, ಹೆಚ್ಚಾಗಿ ಸ್ತ್ರೀವೇಷ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರಿಗೆ ಬಣ್ಣದ ಬಗ್ಗೆ ಹೇಳುವುದು ಅಂದರೆ ಸ್ವಲ್ಪ ಸಂಕೋಚವೇ. ಆದರೂ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಕಲಿತ ನಾಲ್ಕು ಮಾತು ಇಲ್ಲಿ ಉಪಯೋಗಕ್ಕೆ ಬರಬಹುದು.

ನಾವು ಮೊದಲು ಮುಖಕ್ಕೆ ತೆಂಗಿನೆಣ್ಣೆ ತೆಳ್ಳಗೆ ಸವರುತ್ತೇವೆ. ಅದರ ಮೇಲೆ ಬಣ್ಣ, ಬಣ್ಣದ ಮೇಲೆ ಪೌಡರ್, ಕೊನೆಗೆ ಕಪ್ಪು ಗೆರೆ. ಫೋಕಸ್ ಲೈಟಿನ ಎದುರು ಕುಣಿದರೂ ನಿಲ್ಲುತ್ತದೆ. ಕಾರಣ ಇಷ್ಟೇ, ಎಣ್ಣೆಯ ಅಂಶ ಇರುವ ಬಣ್ಣವನ್ನು ಪೌಡರ್ ಹಿಡಿದು ಕೂರಿಸುತ್ತದೆ. ಪೌಡರ್ ಹಾಕಿ ಸ್ವಲ್ಪ ಹೊತ್ತು ಮಾತಾಡದೆ, ನಗದೆ ಕೂರಬೇಕು ಅಂತ ನನಗೆ ಕಲಿಸಿದ ಹಿರಿಯರು ಹೇಳುತ್ತಿದ್ದರು. ಹಸಿ ಇರುವಾಗ ನಕ್ಕರೆ ಬಾಯಿಯ ಎರಡು ಬದಿ ಬಿರುಕು ಬೀಳುತ್ತದೆ. ನೀವೂ ಬಸ್ಸಿಗೆ ಓಡುವ ಮೊದಲು ಎರಡು ನಿಮಿಷ ಹಾಗೇ ಕೂತು ನೋಡಿ.

ಇನ್ನೊಂದು. ಬಣ್ಣದ ವೇಷದವರು, ಅಂದರೆ ರಾಕ್ಷಸ ಪಾತ್ರದವರು, ಅಕ್ಕಿಹಿಟ್ಟು, ಸುಣ್ಣ ಸೇರಿಸಿ ಮುಖದ ಮೇಲೆ ಉಬ್ಬಿದ ಬಿಳಿ ಚುಕ್ಕೆ, ಚಿಟ್ಟಿ, ಇಡುವುದನ್ನು ನೋಡಿದ್ದೀರಲ್ಲ? ಗಂಟೆಗಟ್ಟಲೆ ಕೂತು ಒಂದೊಂದೇ ಇಡುತ್ತಾರೆ. ಒಂದು ಒಣಗಿದ ಮೇಲೆ ಅದರ ಮೇಲೆ ಇನ್ನೊಂದು. ಒಮ್ಮೆಗೇ ದಪ್ಪ ಮೆತ್ತಿದರೆ ಉದುರಿ ಬೀಳುತ್ತದೆ. ದಿನಾ ಹಚ್ಚುವ ಫೌಂಡೇಶನ್‌ಗೂ ಇದೇ ಮಾತು. ತೆಳು ಪದರ ಎರಡು ಸಲ ಹಚ್ಚಿದರೆ ನಿಲ್ಲುತ್ತದೆ, ದಪ್ಪ ಪದರ ಒಂದೇ ಸಲ ಹಚ್ಚಿದರೆ ನಿಲ್ಲುವುದಿಲ್ಲ.

ಆಟ ಮುಗಿದ ಮೇಲೆ ತೆಂಗಿನೆಣ್ಣೆ ಹಚ್ಚಿ ಬಣ್ಣ ತೆಗೆಯುತ್ತೇವೆ. ಸೋಪು ಹಾಕಿ ತಿಕ್ಕುವುದಿಲ್ಲ. ಎಣ್ಣೆಯಲ್ಲಿ ಸೇರಿದ್ದು ಎಣ್ಣೆಗೇ ಬಿಡುತ್ತದೆ.

ಕುಂಬಳೆ ಮಲ್ಲಿಗೆ
ಅಣ್ಣ, ಹಿಂದೆ ಅರದಾಳ, ಇಂಗಳೀಕ ಎಲ್ಲ ಹಾಕುತ್ತಿದ್ದರಂತೆ ಅಲ್ವಾ? ಈಗಲೂ ಉಂಟಾ?

ಚೌಕಿಯ ಹುಡುಗ
ಹೌದು, ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ. ಒಂದರಲ್ಲಿ ಆರ್ಸೆನಿಕ್, ಇನ್ನೊಂದರಲ್ಲಿ ಪಾದರಸ. ನಮ್ಮ ಸಂಘದಲ್ಲಿ ನಾವು ಮುಟ್ಟುವುದಿಲ್ಲ. ಟ್ಯೂಬು, ಕಡ್ಡಿ ರೂಪದ ಬಣ್ಣ ಸಿಗುತ್ತದೆ, ಅದೇ ಸಾಕು.

ಆಸ್ಪತ್ರೆ ನರ್ಸ್ ಬದಿಯಡ್ಕ
ತೆಂಗಿನೆಣ್ಣೆಯ ಬಗ್ಗೆ ಒಂದು ತಿದ್ದುಪಡಿ. ವೇಷಕ್ಕೆ ಸರಿ. ಆದರೆ ಮೊಡವೆ ಬರುವ ಮುಖಕ್ಕೆ ದಿನಾ ತೆಂಗಿನೆಣ್ಣೆ ಹಚ್ಚಿದರೆ ರಂಧ್ರ ಮುಚ್ಚಿ ಮೊಡವೆ ಜಾಸ್ತಿ ಆಗುತ್ತದೆ. ಅಂಥವರು ಮೇಕಪ್ ತೆಗೆಯುವ ಮೈಸೆಲ್ಲರ್ ವಾಟರ್ ಅಥವಾ ನೀರು ತಾಗಿದರೆ ಹಾಲಿನ ಹಾಗೆ ಬಿಳಿಯಾಗುವ ಕ್ಲೆನ್ಸಿಂಗ್ ಆಯಿಲ್ ಬಳಸಲಿ. ತೆಂಗಿನೆಣ್ಣೆಯಲ್ಲೇ ತೆಗೆಯುವುದಾದರೆ ನಂತರ ಸೌಮ್ಯವಾದ ಫೇಸ್‌ವಾಶ್ ಹಾಕಿ ತೊಳೆಯಲೇಬೇಕು. ಎಣ್ಣೆ ಹಾಗೇ ಬಿಟ್ಟು ಮಲಗಬಾರದು.

ಚೌಕಿಯ ಹುಡುಗ
ನನ್ನ ಅಜ್ಜನ ಕಾಲದಿಂದ ಎಣ್ಣೆಯೇ ಅಕ್ಕ. ಯಾರಿಗೂ ಏನೂ ಆಗಿಲ್ಲ.

ಆಸ್ಪತ್ರೆ ನರ್ಸ್ ಬದಿಯಡ್ಕ
ನಿಮ್ಮ ಮನೆಯವರ ಚರ್ಮಕ್ಕೆ ಆಗಿಲ್ಲ ತಮ್ಮ. ಹದಿನೇಳು ವರ್ಷದ ಮೊಡವೆ ಮುಖದ ಹುಡುಗಿ ಇದನ್ನು ಓದಿ ಹಚ್ಚಿದರೆ ಅವಳಿಗೆ ಆಗಬಹುದು. ಅದಕ್ಕೇ ಹೇಳಿದ್ದು.

ಚೌಕಿಯ ಹುಡುಗ
ಅದು ಒಪ್ಪಿದೆ.

ಮಧೂರಿನ ಕುಸುಮಾ ಚಿಕ್ಕಮ್ಮ
ಬಂಗಿಗೆ ಲಿಂಬೆರಸ ಹಚ್ಚಿ ಟೀಚರೇ. ಅರ್ಧ ಲಿಂಬೆ ತಿಕ್ಕಿ ಹತ್ತು ನಿಮಿಷ ಬಿಡಿ. ನಾವೆಲ್ಲ ಹಾಗೇ ಮಾಡಿದ್ದು.

ಆಸ್ಪತ್ರೆ ನರ್ಸ್ ಬದಿಯಡ್ಕ
ಚಿಕ್ಕಮ್ಮ, ದಯವಿಟ್ಟು ಬೇಡ. ಲಿಂಬೆರಸ ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟ ಹಾಗೆ ಆಗಿ ಕಪ್ಪು ಕಲೆ ಉಳಿಯುತ್ತದೆ. ಬಂಗು ಇರುವವರಿಗೆ ಅದು ಇನ್ನೂ ಕೆಟ್ಟದು.

ಟೀಚರೇ, ಬಂಗಿನ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ. ಬಸುರಿ ಸಮಯದ ಹಾರ್ಮೋನಿನಿಂದ ಶುರುವಾಗುತ್ತದೆ, ಬಿಸಿಲು ಅದನ್ನು ಹೆಚ್ಚಿಸುತ್ತದೆ. ಮೇಕಪ್ ಮುಚ್ಚುತ್ತದೆ ಅಷ್ಟೇ, ಸನ್‌ಸ್ಕ್ರೀನ್ ಹಚ್ಚದಿದ್ದರೆ ಅಡಿಯಲ್ಲಿ ಬೆಳೆಯುತ್ತಲೇ ಇರುತ್ತದೆ. ಎಸ್‌ಪಿಎಫ್ (ಬಿಸಿಲಿನಿಂದ ಕಾಯುವ ಅಳತೆ) 30 ಅಥವಾ ಅದಕ್ಕಿಂತ ಹೆಚ್ಚಿನದು ತೆಗೆದುಕೊಳ್ಳಿ. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಗೆರೆ ಎಳೆದಷ್ಟು ಬೇಕು, ಮುಖ ಮತ್ತು ಕುತ್ತಿಗೆ ಸೇರಿ. ಕಡಲೆಕಾಳಿನಷ್ಟು ಹಚ್ಚಿದರೆ ಹಚ್ಚದ ಹಾಗೇ.

ಬಂಗು ಇರುವವರಿಗೆ ಸ್ವಲ್ಪ ಕಂದು ಛಾಯೆ ಇರುವ ಟಿಂಟೆಡ್ ಸನ್‌ಸ್ಕ್ರೀನ್ ಒಳ್ಳೆಯದು. ಅದರಲ್ಲಿ ಐರನ್ ಆಕ್ಸೈಡ್ ಇರುತ್ತದೆ. ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಹೆಚ್ಚಿಸುತ್ತದೆ. ಸಾಧಾರಣ ಸನ್‌ಸ್ಕ್ರೀನ್ ಅದನ್ನು ತಡೆಯುವುದಿಲ್ಲ, ಐರನ್ ಆಕ್ಸೈಡ್ ತಡೆಯುತ್ತದೆ. ನಿಮ್ಮ ಬಣ್ಣಕ್ಕೆ ಹೊಂದಿದರೆ ಶಾಲೆಗೆ ಫೌಂಡೇಶನ್ನೇ ಬೇಡ.

ಮುಳ್ಳೇರಿಯ ಸುಮ
ನನ್ನ ಫೌಂಡೇಶನ್‌ನಲ್ಲೇ ಎಸ್‌ಪಿಎಫ್ ಇದೆ ಅಂತ ಬರೆದಿದೆ. ಸಾಕಲ್ವಾ?

ಆಸ್ಪತ್ರೆ ನರ್ಸ್ ಬದಿಯಡ್ಕ
ಸಾಲದು. ಡಬ್ಬಿಯಲ್ಲಿ ಬರೆದಷ್ಟು ರಕ್ಷಣೆ ಬೇಕಾದರೆ ಫೌಂಡೇಶನ್ನನ್ನೂ ಎರಡು ಬೆರಳಿನಷ್ಟು ಹಚ್ಚಬೇಕು. ಯಾರೂ ಹಚ್ಚುವುದಿಲ್ಲ, ಹಚ್ಚಲೂ ಬಾರದು.

ಸೀತಾಂಗೋಳಿ ಹುಡುಗಿ
ನನ್ನ ಅತ್ತಿಗೆ ಒಂದು ಕ್ರೀಮ್ ತರಿಸುತ್ತಾರೆ. ಹೆಸರು ಗೊತ್ತಿಲ್ಲದ ಸಣ್ಣ ಡಬ್ಬಿ. ಯಾರು ಮಾಡಿದ್ದು ಅಂತ ಮೇಲೆ ಬರೆದಿಲ್ಲ. ಹತ್ತು ದಿನದಲ್ಲಿ ಬಂಗು ಹೋಗಿ ಮುಖ ಬೆಳ್ಳಗೆ ಹೊಳೆಯುತ್ತಿದೆ. ಟೀಚರಿಗೆ ಬೇಕಿದ್ದರೆ ವಿಚಾರಿಸಿ ಹೇಳುತ್ತೇನೆ.

ಆಸ್ಪತ್ರೆ ನರ್ಸ್ ಬದಿಯಡ್ಕ
ಬೇಡ. ನಿಮ್ಮ ಅತ್ತಿಗೆಗೂ ಇವತ್ತೇ ಹೇಳಿ. ಹತ್ತು ದಿನದಲ್ಲಿ ಬೆಳ್ಳಗೆ ಮಾಡುವ ಹೆಸರಿಲ್ಲದ ಕ್ರೀಮಿನಲ್ಲಿ ಪಾದರಸವೋ ಸ್ಟೀರಾಯ್ಡೋ ಇರುವ ಸಾಧ್ಯತೆ ಹೆಚ್ಚು.

ನಮ್ಮ ಕೇರಳದಲ್ಲೇ ಆದ ಸಂಗತಿ ಹೇಳುತ್ತೇನೆ. ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನಲ್ಲಿ ಕಿಡ್ನಿ ವೈದ್ಯರು 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಬಂದ ಒಂದು ಬಗೆಯ ಕಿಡ್ನಿ ಕಾಯಿಲೆಯ 22 ಮಂದಿಯನ್ನು ಗಮನಿಸಿದರು. ಅದರಲ್ಲಿ 15 ಮಂದಿಗೆ ಅಪರೂಪದ ಒಂದು ವಿಧ ಇತ್ತು. ಆ 15ರಲ್ಲಿ 13 ಮಂದಿ ಬೆಳ್ಳಗಾಗುವ ಕ್ರೀಮ್ ಹಚ್ಚುತ್ತಿದ್ದವರು. ಮುಖಕ್ಕೆ ಹಚ್ಚಿದ್ದು ಚರ್ಮದ ಮೂಲಕ ಒಳಗೆ ಹೋಗಿ ಕಿಡ್ನಿಗೆ ಮುಟ್ಟುತ್ತದೆ. ಕೇರಳದ ಔಷಧ ನಿಯಂತ್ರಣ ಇಲಾಖೆ ಆಪರೇಷನ್ ಸೌಂದರ್ಯ ಅಂತ ಅಂಗಡಿಗಳ ತಪಾಸಣೆಯನ್ನೂ ಮಾಡಿತು. ನಮ್ಮ ದೇಶದ 2020ರ ನಿಯಮದಲ್ಲಿ ಮುಖದ ಕ್ರೀಮಿನಲ್ಲಿ ಅಕಸ್ಮಾತ್ ಸೇರಿದ ಪಾದರಸ ಕೂಡ ಹತ್ತು ಲಕ್ಷಕ್ಕೆ ಒಂದು ಭಾಗ ಮೀರುವಂತಿಲ್ಲ.

ಸ್ಟೀರಾಯ್ಡ್ ಕ್ರೀಮ್ ಆದರೆ ಇನ್ನೊಂದು ಕಷ್ಟ. ಹಚ್ಚುವಾಗ ಚೆನ್ನಾಗಿರುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗಿ, ಕೆಂಪು ನರ ಕಂಡು, ಮೀಸೆಯ ಜಾಗದಲ್ಲಿ ಕೂದಲು ಬರುತ್ತದೆ. ನಿಲ್ಲಿಸಿದ ಕೂಡಲೇ ಮುಖ ಉರಿಯುತ್ತದೆ. ಅದಕ್ಕೇ ಈಗಾಗಲೇ ಬಹಳ ದಿನ ಹಚ್ಚಿದ್ದರೆ ಚರ್ಮದ ವೈದ್ಯರನ್ನು ಕಂಡು ಬಿಡಿಸಿಕೊಳ್ಳಲಿ.

ಸೀತಾಂಗೋಳಿ ಹುಡುಗಿ
ಓದಿ ಕೈಕಾಲು ತಣ್ಣಗಾಯಿತು. ಅತ್ತಿಗೆ ಏಳು ತಿಂಗಳಿಂದ ಹಚ್ಚುತ್ತಿದ್ದಾರೆ. ಈಗಲೇ ಫೋನ್ ಮಾಡುತ್ತೇನೆ.

ಉಪ್ಪಳ ಪಾರ್ಲರ್ ಅಕ್ಕ
ನನ್ನ ಹತ್ತಿರವೂ ಅಂಥ ಡಬ್ಬಿ ಮಾರುವವರು ಬರುತ್ತಾರೆ. ಡಬ್ಬಿಗೆ ಇಷ್ಟು ಕಮಿಷನ್ ಅಂತ ಹೇಳುತ್ತಾರೆ. ನಾನು ಒಳಗೆ ಬಿಡುವುದಿಲ್ಲ.

ಕುಂಬಳೆ ಮಲ್ಲಿಗೆ
ಕಣ್ಣಿನ ಕೆಳಗಿನ ಕಪ್ಪಿಗೆ ಯಾರೂ ಹೇಳಲೇ ಇಲ್ಲ. ನನಗೂ ಉಂಟು. ಕಲೆ ಮುಚ್ಚುವ ಕನ್ಸೀಲರ್ ಎಷ್ಟು ಹಚ್ಚಿದರೂ ಬೂದಿ ಬಣ್ಣ ಬರುತ್ತದೆ.

ಉಪ್ಪಳ ಪಾರ್ಲರ್ ಅಕ್ಕ
ಮೊದಲು ಅದು ಎಂಥ ಕಪ್ಪು ಅಂತ ನೋಡಿ. ಕಿಟಕಿಗೆ ಎದುರಾಗಿ ನಿಂತು ಮುಖ ಮೇಲೆತ್ತಿ. ಬೆಳಕು ಬಿದ್ದ ಕೂಡಲೇ ಕಪ್ಪು ಮಾಯವಾದರೆ ಅದು ಗುಳಿಯ ನೆರಳು. ಅದನ್ನು ಬಣ್ಣದಲ್ಲಿ ಮುಚ್ಚಲು ಹೋದರೆ ದಪ್ಪ ಆಗುತ್ತದೆ ಅಷ್ಟೇ, ಹೋಗುವುದಿಲ್ಲ. ಅಂಥವರಿಗೆ ಮೂಗಿನ ಹತ್ತಿರದ ಆ ಗುಳಿಯಲ್ಲಿ ಮಾತ್ರ ಸ್ವಲ್ಪ ತಿಳಿ ಕನ್ಸೀಲರ್ ಸಾಕು.

ಬೆಳಕಿನಲ್ಲೂ ಹಾಗೇ ಉಳಿದರೆ ಅದು ಚರ್ಮದ ಬಣ್ಣವೇ. ನಮ್ಮ ಬಣ್ಣದವರಿಗೆ ಆಗ ಕನ್ಸೀಲರಿನ ಅಡಿಗೆ ಹಚ್ಚುವ ಕಿತ್ತಳೆ ಕರೆಕ್ಟರ್ ಬೇಕು. ಗೋಧಿ ಬಣ್ಣದವರಿಗೆ ಪೀಚ್ ಸಾಕಾಗುತ್ತದೆ. ನೀಲಿಗಪ್ಪನ್ನು ಕಿತ್ತಳೆ ಕಡಿಮೆ ಮಾಡುತ್ತದೆ. ನೇರ ತಿಳಿ ಬಣ್ಣದ ಕನ್ಸೀಲರ್ ಹಚ್ಚಿದರೆ ಕಪ್ಪೂ ಬಿಳಿಯೂ ಸೇರಿ ಬೂದಿ ಬರುತ್ತದೆ. ನಿಮಗೆ ಆಗುತ್ತಿರುವುದು ಅದೇ. ಕರೆಕ್ಟರ್ ಅಕ್ಕಿಕಾಳಿನಷ್ಟು, ಉಂಗುರ ಬೆರಳಿನಲ್ಲಿ ತಟ್ಟಿ. ಅದರ ಮೇಲೆ ನಿಮ್ಮ ಮುಖದ ಬಣ್ಣದ್ದೇ ಕನ್ಸೀಲರ್. ಬಂಗಿಗೂ ಇದೇ ಕ್ರಮ.

ಚೌಕಿಯ ಹುಡುಗ
ಬಣ್ಣದಿಂದ ಬಣ್ಣ ಕೊಲ್ಲುವುದು. ಚೌಕಿಯಲ್ಲೂ ಗಡ್ಡದ ನೀಲಿ ಕಾಣಬಾರದು ಅಂತ ನಾವು ಅಡಿಯಲ್ಲಿ ಸ್ವಲ್ಪ ಕೆಂಪು ಹಾಕುತ್ತೇವೆ. ಸ್ತ್ರೀವೇಷಕ್ಕೆ ಅದು ಬೇಕೇ ಬೇಕು.

ಹೊಸಂಗಡಿ ಫೋಟೋದವ
ಮದುವೆ ಫೋಟೋ ತೆಗೆಯುವವನಾಗಿ ಒಂದು ಮಾತು. ಮುಖ ಬೂದಿಯಾಗಿ ಬರಲು ಶೇಡ್ ಒಂದೇ ಕಾರಣ ಅಲ್ಲ. ಕೆಲವು ಬಿಳಿ ಸೆಟ್ಟಿಂಗ್ ಪೌಡರ್, ಜಿಂಕ್ ಮತ್ತು ಟೈಟಾನಿಯಂ ಇರುವ ಕ್ರೀಮ್, ಇವು ಫ್ಲ್ಯಾಶ್ ಬೆಳಕನ್ನು ವಾಪಸ್ ಎಸೆಯುತ್ತವೆ. ಕಣ್ಣಿಗೆ ಸರಿ ಕಾಣುತ್ತದೆ, ಫೋಟೋದಲ್ಲಿ ಮಾತ್ರ ಕಣ್ಣಿನ ಕೆಳಗೆ ಬಿಳಿ ಅರ್ಧಚಂದ್ರ. ನಾವು ಎಡಿಟ್ ಮಾಡಿ ತೆಗೆಯುವಾಗ ಮುಖದ ಜೀವವೇ ಹೋಗುತ್ತದೆ. ಮದುವೆಗೆ ಒಂದು ವಾರ ಮೊದಲು ಪೂರ್ತಿ ಮೇಕಪ್ ಹಾಕಿ, ಕತ್ತಲೆ ಕೋಣೆಯಲ್ಲಿ ಫೋನಿನ ಫ್ಲ್ಯಾಶ್ ಹಾಕಿ ಒಂದು ಫೋಟೋ ತೆಗೆದು ನೋಡಿ. ಬೆಳ್ಳಗೆ ಕಂಡರೆ ಪೌಡರ್ ಬದಲಿಸಿ.

ಮಂಜೇಶ್ವರ ಟು ದುಬೈ
ಇದು ಗೊತ್ತೇ ಇರಲಿಲ್ಲ! ನನ್ನ ಮದುವೆಯ ಆಲ್ಬಮ್ ಪೂರ್ತಿ ಆ ಅರ್ಧಚಂದ್ರವೇ.

ಉಪ್ಪಳದ ನಸೀಮಾ
ನಾನು ತಲೆಗೆ ತಟ್ಟ (ತಲೆವಸ್ತ್ರ) ಹಾಕುವವಳು. ಅಂಚಿನಲ್ಲಿ ಎಲ್ಲ ಫೌಂಡೇಶನ್ ಅಂಟಿ ಬಟ್ಟೆ ಹಾಳಾಗುತ್ತದೆ. ಗದ್ದದ ಕೆಳಗಂತೂ ಗೆರೆ ಗೆರೆ. ಇದಕ್ಕೇನಾದರೂ ಉಂಟಾ?

ಉಪ್ಪಳ ಪಾರ್ಲರ್ ಅಕ್ಕ
ನಸೀಮಾ, ಬಟ್ಟೆ ತಾಗುವ ಅಂಚಿನಿಂದ ಒಂದು ಬೆರಳು ಒಳಗೇ ಫೌಂಡೇಶನ್ ನಿಲ್ಲಿಸಿ. ಅಂಚಿಗೆ ಖಾಲಿ ಸ್ಪಂಜಿನಲ್ಲಿ ಉಳಿದದ್ದನ್ನು ಮಾತ್ರ ಒತ್ತಿ. ಅಲ್ಲಿ ಪೌಡರ್ ಸ್ವಲ್ಪ ಜಾಸ್ತಿ ಹಾಕಿ. ಸೆಟ್ಟಿಂಗ್ ಸ್ಪ್ರೇ ಹೊಡೆದು ಪೂರ್ತಿ ಒಣಗಿದ ಮೇಲೆ ತಟ್ಟ ಹಾಕಿ. ಹಸಿಯಲ್ಲಿ ಹಾಕಿದರೆ ಎಲ್ಲ ಬಟ್ಟೆಗೇ. ನೀವು ನಮ್ಮ ಊರಿನವರೇ, ಒಮ್ಮೆ ಬನ್ನಿ, ತೋರಿಸಿಕೊಡುತ್ತೇನೆ.

ಉಪ್ಪಳದ ನಸೀಮಾ
ಬರುತ್ತೇನೆ ಅಕ್ಕ. ಕಣ್ಮಸಿಗೆ ನನ್ನದೊಂದು ಉಪಾಯ ಹೇಳಲಾ? ಕೆಳಗಿನ ರೆಪ್ಪೆಗೆ ಹಚ್ಚುವುದನ್ನೇ ಬಿಟ್ಟೆ. ಮೇಲಿನ ರೆಪ್ಪೆಯ ಕೂದಲ ಬುಡಕ್ಕೆ ಮಾತ್ರ ಎಳೆಯುತ್ತೇನೆ. ಅದರ ಮೇಲೆ ಕಪ್ಪು ಐಶ್ಯಾಡೋ ಸಣ್ಣ ಬ್ರಶ್ಶಿನಲ್ಲಿ ಒತ್ತುತ್ತೇನೆ. ಸಂಜೆ ತನಕ ಇಳಿಯುವುದಿಲ್ಲ. ಕೆಳಗೆ ಹಚ್ಚಲೇಬೇಕು ಅಂದರೆ ಮೊದಲು ಕಣ್ಣಿನ ಕೆಳಗಿನ ಎಣ್ಣೆಯನ್ನು ಟಿಶ್ಯೂವಿನಲ್ಲಿ ಒತ್ತಿ ತೆಗೆದು ಸ್ವಲ್ಪ ಪೌಡರ್ ಹಾಕಬೇಕು. ಎಣ್ಣೆ ಇದ್ದರೆ ವಾಟರ್‌ಪ್ರೂಫ್ ಕಾಜಲ್ ಕೂಡ ಜಾರುತ್ತದೆ.

ಮಧೂರಿನ ಕುಸುಮಾ ಚಿಕ್ಕಮ್ಮ
ನಮ್ಮಲ್ಲಿ ಹರಳೆಣ್ಣೆ ದೀಪದ ಮಸಿ ಹಿಡಿದು ತುಪ್ಪದಲ್ಲಿ ಕಲಸಿ ಕಣ್ಮಸಿ ಮಾಡುವುದು. ಮೊಮ್ಮಗಳಿಗೂ ಅದನ್ನೇ ಹಾಕುವುದು. ಇದಕ್ಕೂ ತಕರಾರಾ ನರ್ಸಮ್ಮ?

ಆಸ್ಪತ್ರೆ ನರ್ಸ್ ಬದಿಯಡ್ಕ
ನಿಮಗೆ ನೀವು ಹಚ್ಚಿಕೊಳ್ಳಿ ಚಿಕ್ಕಮ್ಮ, ಕೈ ಶುದ್ಧ ಇರಲಿ. ಎಳೆ ಮಗುವಿನ ಕಣ್ಣಿಗೆ ಬೇಡ. ಮಸಿ, ಬೆರಳಿನ ಕೊಳೆ ಹೋಗಿ ಸೋಂಕಾಗುತ್ತದೆ. ದೃಷ್ಟಿ ಬೊಟ್ಟು ಬೇಕಿದ್ದರೆ ಪಾದದ ಅಡಿಯಲ್ಲಿ ಇಡಿ. ದೊಡ್ಡವರೂ ಅಷ್ಟೇ, ಒಂದೇ ಕಡ್ಡಿಯನ್ನು ಮನೆಯವರೆಲ್ಲ ಹಚ್ಚಬಾರದು. ಕೆಂಗಣ್ಣು ಬಂದಾಗ ಬಳಸಿದ ಕಾಜಲ್, ಮಸ್ಕಾರ ಎಸೆಯಲೇಬೇಕು. ಕೆಂಗಣ್ಣು ಬರದಿದ್ದರೂ ಮಸ್ಕಾರ ತೆರೆದ ಮೂರು ತಿಂಗಳಿಗೆ ಸಾಕು. ಬೇರೆ ಡಬ್ಬಿಗಳ ಮೇಲೆ ಮುಚ್ಚಳ ತೆರೆದ ಸಣ್ಣ ಚಿತ್ರ ಇರುತ್ತದೆ, ಅದರಲ್ಲಿ 6 ಅಥವಾ 12 ಅಂತ ಬರೆದದ್ದು ತೆರೆದ ಮೇಲಿನ ತಿಂಗಳ ಲೆಕ್ಕ.

ಮಧೂರಿನ ಕುಸುಮಾ ಚಿಕ್ಕಮ್ಮ
ಪಾದದಲ್ಲಿ ಇಡುವುದು ನಮ್ಮ ಅಮ್ಮನೂ ಮಾಡುತ್ತಿದ್ದರು. ಸರಿ, ಹಾಗೇ ಮಾಡುತ್ತೇನೆ. ಇನ್ನೊಂದು ಕೇಳುತ್ತೇನೆ. ಸ್ಟಿಕ್ಕರ್ ಬೊಟ್ಟು ಇಡುವ ಜಾಗದಲ್ಲಿ ನನಗೆ ಬೆಳ್ಳಗೆ ಕಲೆ ಬಿದ್ದಿದೆ. ಮೊದಲು ತುರಿಕೆ ಇತ್ತು. ಈಗ ಅದನ್ನು ಮುಚ್ಚಲು ದೊಡ್ಡ ಬೊಟ್ಟು ಇಡುತ್ತೇನೆ.

ಆಸ್ಪತ್ರೆ ನರ್ಸ್ ಬದಿಯಡ್ಕ
ಚಿಕ್ಕಮ್ಮ, ಇವತ್ತಿನಿಂದಲೇ ಸ್ಟಿಕ್ಕರ್ ನಿಲ್ಲಿಸಿ! ಅದರ ಅಂಟಿನಲ್ಲಿ ಹೆಚ್ಚಾಗಿ ಪಿಟಿಬಿಪಿ ಅನ್ನುವ ರಾಸಾಯನಿಕ ಇರುತ್ತದೆ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನೇ ಅದು ಸಾಯಿಸುತ್ತದೆ. ದೊಡ್ಡ ಬೊಟ್ಟು ಇಟ್ಟರೆ ಕಲೆಯೂ ದೊಡ್ಡದಾಗುತ್ತದೆ. ಬೇಗ ನಿಲ್ಲಿಸಿದರೆ ಬಣ್ಣ ವಾಪಸ್ ಬರುವ ಅವಕಾಶ ಉಂಟು. ಚರ್ಮದ ವೈದ್ಯರಿಗೆ ಒಮ್ಮೆ ತೋರಿಸಿ. ಕುಂಕುಮ, ಚಾಂದು ಕೂಡ ಕಲೆಯ ಮೇಲೆ ಸದ್ಯ ಬೇಡ.

ಮಧೂರಿನ ಕುಸುಮಾ ಚಿಕ್ಕಮ್ಮ
ಬೊಟ್ಟಿಲ್ಲದೆ ಹೇಗೆ ಹೊರಗೆ ಹೋಗುವುದು?

ಮುಳ್ಳೇರಿಯ ಸುಮ
ಸ್ವಲ್ಪ ಮೇಲೆ ಗಂಧ ಇಟ್ಟುಕೊಳ್ಳಿ ಚಿಕ್ಕಮ್ಮ. ನನ್ನ ಅತ್ತೆ ಹಾಗೇ ಮಾಡಿದ್ದು. ಮನೆಯಲ್ಲೇ ತೇಯ್ದ ಗಂಧ.

ಪೆರ್ಲದ ಟೀಚರ್
ನಾಲ್ಕು ದಿನದ ವರದಿ. ಬೆವರು ಒತ್ತಿ ತೆಗೆಯುವುದು ಶುರು ಮಾಡಿದ ಮೇಲೆ ತೇಪೆ ನಿಂತಿದೆ. ನಮ್ಮ ಮನೆ ಹಿಂದೆ ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗದ ನೀರು ಈ ಸೆಖೆಯಲ್ಲೂ ತಣ್ಣಗೆ, ಅದರಲ್ಲೇ ಮುಖ ತೊಳೆದು ಶುರು ಮಾಡುತ್ತೇನೆ. ಆದರೆ ಹೊಸ ತೊಂದರೆ. ಪ್ರೈಮರ್ ಹಾಕಿ ಮೇಲೆ ಫೌಂಡೇಶನ್ ಹಚ್ಚಿದರೆ ರಬ್ಬರಿನಿಂದ ಉಜ್ಜಿದ ಕಾಗದದ ಹಾಗೆ ಸಣ್ಣ ಸಣ್ಣ ಸುರುಳಿ ಏಳುತ್ತದೆ.

ಉಪ್ಪಳ ಪಾರ್ಲರ್ ಅಕ್ಕ
ಡಬ್ಬಿಯ ಹಿಂದೆ ಓದಿ. ಪ್ರೈಮರ್‌ನಲ್ಲಿ ಡೈಮೆಥಿಕೋನ್ (ಒಂದು ಬಗೆಯ ಸಿಲಿಕೋನ್) ಅಂತ ಮೊದಲ ಸಾಲಿನಲ್ಲೇ ಇದ್ದು, ಫೌಂಡೇಶನ್ ಬರೀ ನೀರಿನದ್ದಾದರೆ ಎರಡೂ ಹೊಂದುವುದಿಲ್ಲ. ಎರಡೂ ಒಂದೇ ಜಾತಿಯದ್ದು ಇರಲಿ. ಸನ್‌ಸ್ಕ್ರೀನ್ ಒಣಗುವ ಮೊದಲೇ ಹಚ್ಚಿದರೂ ಸುರುಳಿ ಬರುತ್ತದೆ. ನಿಮಗೆ ಶಾಲೆಗೆ ಪ್ರೈಮರ್ ಬೇಡವೇ ಬೇಡ, ಬಿಟ್ಟು ನೋಡಿ.

ಕುಂಬಳೆ ಮಲ್ಲಿಗೆ
ನಾನು ಮೊದಲು ಪ್ರೈಮರ್ ಅಂತ ಹೇಳಿದ್ದು ತಪ್ಪಾಯಿತು ಟೀಚರೇ.

ಪೆರ್ಲದ ಟೀಚರ್
ಇಲ್ಲಮ್ಮ, ಮದುವೆ ದಿನಕ್ಕೆ ಅದು ಬೇಕಾಗುತ್ತದೆ.

ಮದುಮಗನ ಗೆಳೆಯ
ಗಂಡಸರೂ ಕೇಳಬಹುದಾ? ಮದುವೆಗೆ ಎರಡು ದಿನ ಮೊದಲು ಮೊಡವೆ ಎದ್ದರೆ ಏನು ಮಾಡುವುದು?

ಆಸ್ಪತ್ರೆ ನರ್ಸ್ ಬದಿಯಡ್ಕ
ಹಿಸುಕಬೇಡಿ. ಟೂತ್‌ಪೇಸ್ಟ್ ಹಚ್ಚಬೇಡಿ, ಸುಡುತ್ತದೆ. ಬಟ್ಟೆಯಲ್ಲಿ ಮಂಜುಗಡ್ಡೆ ಸುತ್ತಿ ಆಗಾಗ ಒಂದು ನಿಮಿಷ ಇಟ್ಟರೆ ಊತ ಇಳಿಯುತ್ತದೆ. ಹೊಸ ಫೇಶಿಯಲ್, ಹೊಸ ಕ್ರೀಮ್ ಯಾವುದನ್ನೂ ಆ ವಾರ ಶುರು ಮಾಡಬೇಡಿ. ಹೊಸತು ಏನೇ ಇದ್ದರೂ ಕೈಯ ಒಳಬದಿಗೆ ಹಚ್ಚಿ ಎರಡು ದಿನ ನೋಡಿದ ಮೇಲೆಯೇ ಮುಖಕ್ಕೆ.

ಉಪ್ಪಳ ಪಾರ್ಲರ್ ಅಕ್ಕ
ಮುಚ್ಚುವುದಾದರೆ ಸಣ್ಣ ಬ್ರಶ್ಶಿನಲ್ಲಿ ಕನ್ಸೀಲರನ್ನು ಮೊಡವೆಯ ಮೇಲೆ ಮಾತ್ರ ಚುಕ್ಕೆ ಇಟ್ಟು, ಅಂಚನ್ನು ತಟ್ಟಿ, ಪೌಡರ್ ಒತ್ತಿ. ಕೆಂಪು ಜಾಸ್ತಿ ಇದ್ದರೆ ಅಡಿಯಲ್ಲಿ ಹಸಿರು ಕರೆಕ್ಟರ್ ಒಂದು ಚುಕ್ಕೆ. ಗಂಡಸರಿಗೆ ಹೊಳಪಿನ ಪೌಡರ್ ಬೇಡ.

ಪೆರ್ಲದ ಟೀಚರ್
ತಮ್ಮನ ಮದುವೆ ಮುಗಿಯಿತು. ಒಂದು ತಿಂಗಳ ನಂತರ ಬರೆಯುತ್ತಿದ್ದೇನೆ.

ಬೆಳಿಗ್ಗೆ ಐದಕ್ಕೆ ಎದ್ದು ಕಿಟಕಿಯ ಹತ್ತಿರ ಕೂತು ನಾನೇ ಹಚ್ಚಿಕೊಂಡೆ. ಬಂಗಿಗೆ ಕಿತ್ತಳೆ ಕರೆಕ್ಟರ್, ಅದರ ಮೇಲೆ ನನ್ನದೇ ಬಣ್ಣದ ಫೌಂಡೇಶನ್ ಎರಡು ತೆಳು ಪದರ. ಪೌಡರ್ ಹಾಕಿ ಎರಡು ನಿಮಿಷ ಮಾತಾಡದೆ ಕೂತೆ. ಮನೆಯವರೆಲ್ಲ ಏನಾಯಿತು ಅಂತ ಕೇಳುತ್ತಿದ್ದರು, ನಾನು ಉತ್ತರ ಕೊಡಲಿಲ್ಲ. ಕಣ್ಣಿಗೆ ನಸೀಮಾ ಹೇಳಿದ ಹಾಗೆ ಮೇಲಿನ ರೆಪ್ಪೆಗೆ ಮಾತ್ರ.

ಹನ್ನೊಂದೂವರೆಗೆ ಧಾರೆ. ಚಪ್ಪರದಲ್ಲಿ ಹೊಗೆ, ಜನ, ಸೆಖೆ. ಮೂರು ಸಲ ಟಿಶ್ಯೂ ಒತ್ತಿದ್ದು ಬಿಟ್ಟರೆ ಏನೂ ಮಾಡಲಿಲ್ಲ. ಊಟಕ್ಕೆ ಲಿಪ್‌ಸ್ಟಿಕ್ ಹೋಯಿತು, ಪಾಯಸದ ನಂತರ ಮತ್ತೆ ಹಚ್ಚಿದೆ. ಹೊಸಂಗಡಿ ಅಣ್ಣ ಹೇಳಿದ ಫ್ಲ್ಯಾಶ್ ಪರೀಕ್ಷೆ ಮಾಡಿ ಮೊದಲೇ ಒಂದು ಪೌಡರ್ ಬದಲಿಸಿದ್ದೆ. ನಿನ್ನೆ ಆಲ್ಬಮ್ ಬಂತು. ಮುಖವೂ ಕುತ್ತಿಗೆಯೂ ಒಂದೇ ಬಣ್ಣ. ಬಂಗು ಹತ್ತಿರದಿಂದ ನೋಡಿದರೆ ಸ್ವಲ್ಪ ಕಾಣುತ್ತದೆ, ಇರಲಿ. ಮಗಳು ಪುಟ ತಿರುಗಿಸುತ್ತಾ ದೂರದ ಗುಂಪು ಫೋಟೋದಲ್ಲೂ "ಇದು ಅಮ್ಮ" ಅಂತ ಬೆರಳಿಟ್ಟು ತೋರಿಸಿದಳು.

ಉಪ್ಪಳ ಪಾರ್ಲರ್ ಅಕ್ಕ
ಟೀಚರೇ, ಓದಿ ಕಣ್ಣು ತುಂಬಿತು.

ಸೀತಾಂಗೋಳಿ ಹುಡುಗಿ
ಅತ್ತಿಗೆಯನ್ನು ಚರ್ಮದ ವೈದ್ಯರ ಹತ್ತಿರ ಕರೆದುಕೊಂಡು ಹೋದೆವು. ಮೂತ್ರ ಪರೀಕ್ಷೆ ಮಾಡಿಸಿದರು, ಸರಿ ಇದೆ ಅಂದರು. ಡಬ್ಬಿ ಕೊಟ್ಟು ಬಂದೆವು. ಮುಖ ಉರಿ ಇದೆ, ಕಡಿಮೆ ಆಗುತ್ತಿದೆ. ನರ್ಸಕ್ಕನಿಗೆ ತುಂಬಾ ಥ್ಯಾಂಕ್ಸ್.

ಮಧೂರಿನ ಕುಸುಮಾ ಚಿಕ್ಕಮ್ಮ
ನಾನೂ ತೋರಿಸಿದೆ. ಮುಲಾಮು ಕೊಟ್ಟಿದ್ದಾರೆ. ಗಂಧ ಸ್ವಲ್ಪ ಮೇಲೆ ಇಡುತ್ತಿದ್ದೇನೆ. ಟೀಚರೇ, ಆ ಕಿತ್ತಳೆ ಬಣ್ಣದ್ದು ಕಾಸರಗೋಡಿನಲ್ಲಿ ಸಿಕ್ಕಿತಾ, ಮಂಗಳೂರಿಗೆ ಹೋಗಬೇಕಾ? ಸೊಸೆ ಕೇಳುತ್ತಿದ್ದಾಳೆ.

ಪೆರ್ಲದ ಟೀಚರ್
ಕಾಸರಗೋಡಿನಲ್ಲೇ ಸಿಕ್ಕಿತು ಚಿಕ್ಕಮ್ಮ, ಹೊಸ ಬಸ್‌ಸ್ಟ್ಯಾಂಡಿನ ಹತ್ತಿರ. ಸೊಸೆಯನ್ನು ಶನಿವಾರ ಕಳಿಸಿ, ನಾನೂ ಬರುತ್ತೇನೆ. ಹಗಲು ಹೊತ್ತಿನಲ್ಲೇ ಬರಲಿ, ಹೊರಗೆ ನಿಂತು ಬಣ್ಣ ನೋಡಬೇಕಲ್ಲ.